ದೊರೆ ಎಲ್ಲಿ ನಿಂತಿದ್ದಾನೆ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ಆಫೀಸಿನಿಂದ ಬಂದು ಕಾಫಿ ಲೋಟ ಹಿಡಿದು ಕೂತಿರುತ್ತೀರಿ. ಇನ್ನು ಕೆಲವರು ಲೋಕಲ್ ರೈಲಿನಲ್ಲಿ ಕಂಬಿ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿರುತ್ತೀರಿ. ಎಲ್ಲೇ ಇರಿ, ಹತ್ತು ಹದಿನೈದು ನಿಮಿಷ ನನ್ನ ಜೊತೆಗಿರಿ. ಇವತ್ತಿನ ವಿಷಯ ಕೇಳಿ ದಯವಿಟ್ಟು ನಗಬೇಡಿ. ಕೋಟೆ ಕಟ್ಟಿ ಯುದ್ಧ ಮಾಡುವ ಒಂದು ಕಂಪ್ಯೂಟರ್ ಆಟದಲ್ಲಿ ನಮ್ಮ ದೊರೆಯನ್ನು ಹೇಗೆ ಬಳಸಬೇಕು, ಹೇಗೆ ಉಳಿಸಿಕೊಳ್ಳಬೇಕು ಎನ್ನುವುದೇ ಇವತ್ತಿನ ಮಾತು.

ಮಕ್ಕಳಿರುವ ಮನೆಯವರಿಗೆ ಆಟದ ಹೆಸರು ಗೊತ್ತಿರಬಹುದು. ಸ್ಟ್ರಾಂಗ್‌ಹೋಲ್ಡ್. ಇಂಗ್ಲೆಂಡಿನ ಫೈರ್‌ಫ್ಲೈ ಸ್ಟುಡಿಯೋಸ್ ಎಂಬ ಸಂಸ್ಥೆ 2001ರಲ್ಲಿ ಇದನ್ನು ಹೊರತಂದಿತು. ಮರುವರ್ಷವೇ, 2002ರಲ್ಲಿ, ಮರುಭೂಮಿಯಲ್ಲಿ ನಡೆಯುವ ಸ್ಟ್ರಾಂಗ್‌ಹೋಲ್ಡ್ ಕ್ರುಸೇಡರ್ ಬಂತು. ಈ ಎರಡನೆಯದು ಎಷ್ಟು ಜನರ ಮನಸ್ಸಿಗೆ ಹಿಡಿಸಿತೆಂದರೆ, 2025ರಲ್ಲಿ ಅದನ್ನೇ ಹೊಸ ಬಣ್ಣ ಬಳಿದು ಮತ್ತೆ ಬಿಡುಗಡೆ ಮಾಡಿದರು. ನನ್ನ ಮಗ ಆಡುವುದು ಇದನ್ನೇ. ಹತ್ತನೇ ತರಗತಿ ಹುಡುಗ. ಎಷ್ಟು ಹೊತ್ತು ಆಡುತ್ತಾನೆ, ಎಷ್ಟು ಹೊತ್ತು ಓದುತ್ತಾನೆ ಎನ್ನುವುದು ನಮ್ಮ ಮನೆಯ ಪ್ರತ್ಯೇಕ ಯುದ್ಧ, ಅದು ಇಲ್ಲಿ ಬೇಡ.

ಆಟದ ನಿಯಮ ಸರಳ. ಕೋಟೆಯ ನಟ್ಟನಡುವೆ ಒಂದು ದೊಡ್ಡ ಕಟ್ಟಡ, ಅದಕ್ಕೆ ಕೀಪ್ ಎಂದು ಹೆಸರು. ಅದರ ಮೇಲೆ ನಿಮ್ಮ ದೊರೆ ನಿಂತಿರುತ್ತಾನೆ. ನೀವು ಕಲ್ಲು ಕಡಿಸಬೇಕು, ಮರ ಕಡಿಸಬೇಕು, ಗೋಧಿ ಬೆಳೆಸಿ ರೊಟ್ಟಿ ಮಾಡಿಸಬೇಕು, ಜನರಿಂದ ತೆರಿಗೆ ಎತ್ತಬೇಕು, ಗೋಡೆ ಕಟ್ಟಬೇಕು, ಸೈನ್ಯ ಸೇರಿಸಬೇಕು. ನಿಮ್ಮ ಬಳಿ ಸಾವಿರ ಸೈನಿಕರಿರಲಿ, ಕಣಜ ತುಂಬಿ ತುಳುಕುತ್ತಿರಲಿ, ಆ ಒಬ್ಬ ದೊರೆ ಸತ್ತರೆ ಆಟ ಮುಗಿಯಿತು. ಹಾಗೆಯೇ ಎದುರಾಳಿಯ ಕೋಟೆಯಲ್ಲಿ ಎಷ್ಟೇ ಮಂದಿ ಇದ್ದರೂ ಅವನ ದೊರೆಯನ್ನು ಕೊಂದರೆ ಸಾಕು, ಗೆದ್ದಿರಿ.

ಒಂದು ಸಂಜೆ ಮಗ ಸತತವಾಗಿ ಮೂರನೇ ಬಾರಿ ಸೋತು ತಲೆ ಮೇಲೆ ಕೈ ಹೊತ್ತು ಕೂತಿದ್ದ. ನಮ್ಮ ಮಾವನವರು, ಅಂದರೆ ನನ್ನ ಹೆಂಡತಿಯ ತಂದೆ, ಹೊಸಪೇಟೆಯಿಂದ ಬಂದವರು, ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತರು. ಸ್ವಲ್ಪ ಹೊತ್ತು ಪರದೆ ನೋಡಿ ಕೇಳಿದರು: "ಇಷ್ಟೆಲ್ಲಾ ದಂಡು ಐತಿ. ನಿನ್ನ ದೊರಿ ಎಲ್ಲಿ ನಿಂತಾನಪ್ಪ?"

ಮಗ ಹುಡುಕಿದ. ದೊರೆ ಎಲ್ಲಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ.

ಕೇಳುಗರೇ, ಈ ಆಟದಲ್ಲಿ ಸೋಲುವವರಲ್ಲಿ ಬಹಳ ಮಂದಿ ಸೋಲುವುದು ಇಲ್ಲೇ. ದೊರೆ ಎಲ್ಲಿ ನಿಂತಿದ್ದಾನೆ, ಅವನ ಹತ್ತಿರ ಯಾರಿದ್ದಾರೆ, ಶತ್ರು ಅವನನ್ನು ಮುಟ್ಟಲು ಎಷ್ಟು ಹೊತ್ತು ಬೇಕು, ಈ ಮೂರು ಪ್ರಶ್ನೆ ಕೇಳಿಕೊಳ್ಳದೆ ಬರೀ ಸೈನ್ಯ ಬೆಳೆಸುತ್ತಾ ಹೋಗುತ್ತಾರೆ. ನನ್ನ ಮಗ ಮಾಡಿದ ತಪ್ಪುಗಳು ಎರಡು. ಎರಡೂ ಒಂದಕ್ಕೊಂದು ತದ್ವಿರುದ್ಧ. ಅದೇ ಸ್ವಾರಸ್ಯ.

ಮೊದಲನೆಯ ತಪ್ಪು, ದೊರೆಯನ್ನು ಮುಂದೆ ನುಗ್ಗಿಸುವುದು. ಆಟದ ದೊರೆ ಸಾಮಾನ್ಯನಲ್ಲ. ಕೈಗೆ ಕೈ ಹತ್ತಿದ ಕಾಳಗದಲ್ಲಿ ಒಬ್ಬೊಬ್ಬರೇ ಬರುವ ಈಟಿಯವರನ್ನು ಸಲೀಸಾಗಿ ಮಲಗಿಸುತ್ತಾನೆ. ಕ್ರುಸೇಡರ್‌ನಲ್ಲಿ ಕಂಪ್ಯೂಟರ್ ನಡೆಸುವ ಎದುರಾಳಿಗಳಲ್ಲಿ ಇಲಿ ಎಂಬ ಅಡ್ಡಹೆಸರಿನ ಒಬ್ಬ ದುರ್ಬಲ ದೊರೆ ಇದ್ದಾನೆ. ಅವನು ಆರಂಭದಲ್ಲಿ ಸಣ್ಣಪುಟ್ಟ ಗುಂಪು ಕಳಿಸಿದಾಗ ನಿಮ್ಮ ದೊರೆಯೇ ಇಳಿದು ಬಂದು ಅಟ್ಟಬಹುದು. ಎರಡು ಸಲ ಹಾಗೆ ಗೆದ್ದ ಹುಡುಗನಿಗೆ ರುಚಿ ಹತ್ತಿತು. ಮುಂದೆ ತೋಳ ಎಂಬ ಬಲಿಷ್ಠ ಎದುರಾಳಿ ಬಂದಾಗಲೂ ದೊರೆಯನ್ನೇ ಮುಂದೆ ಬಿಟ್ಟ. ಅಲ್ಲಿ ಕಾದಿದ್ದವರು ಅಡ್ಡಬಿಲ್ಲಿನವರು, ಇಂಗ್ಲಿಷಿನವರು ಕ್ರಾಸ್‌ಬೋ ಎನ್ನುತ್ತಾರಲ್ಲ, ಅವರು. ಉಕ್ಕಿನ ಕವಚವನ್ನೂ ತೂರಿಕೊಂಡು ಹೋಗುವ ಬಾಣ ಅದು. ಶೌರ್ಯ ಕತ್ತಿಯ ಉದ್ದದಷ್ಟೇ ದೂರ ನಡೆಯುತ್ತದೆ. ಬಾಣ ಅದಕ್ಕಿಂತ ಬಹಳ ದೂರದಿಂದ ಬರುತ್ತದೆ.

ಇದು ಆಟ ಮಾಡಿದವರ ಕಲ್ಪನೆ ಮಾತ್ರವಲ್ಲ. ಇದೇ ಆಟದ ಒಬ್ಬ ಎದುರಾಳಿ ಇಂಗ್ಲೆಂಡಿನ ದೊರೆ ರಿಚರ್ಡ್, ಸಿಂಹಹೃದಯ ಎಂದು ಹೆಸರಾದವನು. ಮೂರನೆಯ ಕ್ರುಸೇಡಿನಲ್ಲಿ ಸಲಾದೀನನ ಎದುರು ಸೆಣಸಿ ಜೀವ ಉಳಿಸಿಕೊಂಡು ಬಂದವನು. ಅಂಥವನು 1199ರಲ್ಲಿ ಫ್ರಾನ್ಸಿನ ಲಿಮೂಸಾಂ ಪ್ರಾಂತದ ಒಂದು ಸಣ್ಣ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಮೈಗೆ ಪೂರ್ತಿ ಕವಚ ತೊಡದೆ ಗೋಡೆಯ ಹತ್ತಿರ ಹೋದ. ಮೇಲಿನಿಂದ ಅಡ್ಡಬಿಲ್ಲಿನ ಒಂದು ಬಾಣ ಬಂದು ಭುಜಕ್ಕೆ ನಾಟಿತು. ಗಾಯ ಕೊಳೆತು, ಏಪ್ರಿಲ್ 6ರಂದು ತೀರಿಕೊಂಡ. ದೊಡ್ಡ ಯುದ್ಧದಲ್ಲಿ ಎಚ್ಚರವಾಗಿದ್ದವನು ಸಣ್ಣ ಮುತ್ತಿಗೆಯಲ್ಲಿ ಮೈಮರೆತ.

ಎರಡನೆಯ ತಪ್ಪು ಇದಕ್ಕೆ ತಿರುಗುಮುರುಗು. ಸೋತು ಹೆದರಿದ ನನ್ನ ಮಗ ಮುಂದಿನ ಆಟದಲ್ಲಿ ದೊರೆಯ ಸುತ್ತ ಗೋಡೆಯ ಮೇಲೆ ಗೋಡೆ ಕಟ್ಟಿದ. ಇದ್ದಬದ್ದ ಕಲ್ಲೆಲ್ಲ ಅಲ್ಲಿಗೇ ಹೋಯಿತು. ಹೊರಗಿನ ಗೋಧಿ ಹೊಲ, ಕಲ್ಲು ಗಣಿ ಎಲ್ಲ ಕಾವಲಿಲ್ಲದೆ ಬಿದ್ದವು. ಶತ್ರು ಬಂದವನು ಗೋಡೆ ಮುಟ್ಟಲೇ ಇಲ್ಲ. ಹೊಲಕ್ಕೆ ಬೆಂಕಿ ಇಟ್ಟ. ಕಣಜ ಖಾಲಿಯಾಯಿತು. ಈ ಆಟದಲ್ಲಿ ಜನಪ್ರಿಯತೆ ಎಂಬ ಒಂದು ಅಂಕಿ ಇದೆ. ಅದು 50ಕ್ಕಿಂತ ಕೆಳಗಿಳಿದರೆ ಪ್ರಜೆಗಳು ಗಂಟುಮೂಟೆ ಕಟ್ಟಿ ಕೋಟೆ ಬಿಟ್ಟು ಹೊರಡುತ್ತಾರೆ. ಊಟವಿಲ್ಲ, ತೆರಿಗೆ ಮಾತ್ರ ಹೆಚ್ಚು ಎಂದರೆ ಯಾರು ಇರುತ್ತಾರೆ? ಕೀಪಿನ ಮುಂದೆ ಬೆಂಕಿ ಕಾಯಿಸುತ್ತಾ ಕೂತ ಕೆಲಸವಿಲ್ಲದ ಪ್ರಜೆಗಳೇ ನಾಳೆ ನಿಮ್ಮ ಬಿಲ್ಲುಗಾರರಾಗಿ, ಕತ್ತಿಯವರಾಗಿ ಸೇರುವವರು. ಅವರು ಹೋದ ಮೇಲೆ ಹೊಸ ಸೈನಿಕ ಬರುವುದೆಲ್ಲಿಂದ? ಕೊನೆಗೆ ಎತ್ತರದ ಗೋಡೆಗಳ ನಡುವೆ ದೊರೆ ಒಬ್ಬನೇ ನಿಂತಿದ್ದ. ಅಷ್ಟರಲ್ಲಿ ಅಸಾಸಿನ್ ಎಂಬ ಗುಟ್ಟುಕೊಲೆಗಾರರು ಕೊಕ್ಕೆ ಹಗ್ಗ ಎಸೆದು ಗೋಡೆ ಹತ್ತಿ ಬಂದರು. ಹತ್ತಿರ ಬರುವವರೆಗೆ ಅವರು ಕಣ್ಣಿಗೆ ಬೀಳುವುದಿಲ್ಲ. ಕಂಡಾಗ ತಡೆಯಲು ದೊರೆಯ ಪಕ್ಕ ಒಬ್ಬನೂ ಇರಲಿಲ್ಲ.

ಚದುರಂಗ ಆಡುವವರಿಗೆ ಇದು ಹೊಸದಲ್ಲ. ಅಲ್ಲಿ ಕ್ಯಾಸ್ಲಿಂಗ್ ಎಂಬ ನಡೆಯಿದೆ, ರಾಜನನ್ನು ಮೂಲೆಯ ಕಡೆ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತರುವುದು. ಒಳ್ಳೆಯ ನಡೆ. ಆದರೆ ರಾಜನ ಮುಂದಿರುವ ಮೂರು ಸೈನಿಕರನ್ನು ಕದಲಿಸದೆ ಹಾಗೇ ಬಿಟ್ಟರೆ, ಎದುರಾಳಿಯ ಆನೆ ಹಿಂದಿನ ಸಾಲಿಗೆ ಬಂದು ಕೂತ ಕೂಡಲೇ ರಾಜನಿಗೆ ಓಡಲು ದಾರಿಯಿಲ್ಲ. ಅವನನ್ನು ಕಾಯಲು ನಿಂತ ಅವನ ಸೈನಿಕರೇ ಅವನ ಸೆರೆಮನೆ. ಅದಕ್ಕೇ ಬಲ್ಲ ಆಟಗಾರರು ಬಿಡುವಿದ್ದಾಗ ಒಬ್ಬ ಸೈನಿಕನನ್ನು ಒಂದು ಮನೆ ಮುಂದೆ ಸರಿಸಿ ರಾಜನಿಗೊಂದು ಕಿಟಕಿ ತೆರೆದಿಡುತ್ತಾರೆ.

ಹಾಗಾದರೆ ಸರಿಯಾದ ದಾರಿ ಯಾವುದು? ಇಷ್ಟು ತಿಂಗಳು ಮಗನ ಹಿಂದೆ ನಿಂತು ನೋಡಿ ನನಗೆ ತಿಳಿದದ್ದನ್ನು ಹೇಳುತ್ತೇನೆ. ದೊರೆಯನ್ನು ಕಾಯುವುದೆಂದರೆ ಅವನ ಸುತ್ತ ಕಲ್ಲು ಪೇರಿಸುವುದಲ್ಲ. ಶತ್ರು ಅವನನ್ನು ತಲುಪುವ ಹೊತ್ತನ್ನು ಉದ್ದ ಮಾಡುವುದು, ಮತ್ತು ಆ ಹೊತ್ತಿನ ಪ್ರತಿ ಕ್ಷಣಕ್ಕೂ ಶತ್ರುವಿನಿಂದ ಬೆಲೆ ತೆಗೆದುಕೊಳ್ಳುವುದು.

ಹೊರಗಿನಿಂದ ಒಳಕ್ಕೆ ಬನ್ನಿ. ಮೊದಲು ಕಂದಕ. ಅದು ಯಾರನ್ನೂ ಕೊಲ್ಲುವುದಿಲ್ಲ, ಆದರೆ ಶತ್ರು ಮಣ್ಣು ತುಂಬಿ ದಾಟುವವರೆಗೆ ನಿಲ್ಲಲೇಬೇಕು. ನಿಂತವನ ಮೇಲೆ ಗೋಡೆಯಿಂದ ಬಾಣ ಬೀಳಬೇಕು. ಬಾಣ ತಲುಪದ ಕಡೆ ಕಂದಕ ತೋಡಿದರೆ ಅದು ಬರೀ ಗುಂಡಿ. ಎರಡನೆಯದು ಡಾಂಬರಿನ ಹಳ್ಳ. ಅದರ ಹಿಂದಿನ ಗೋಡೆಯ ಮೇಲೆ ಬೆಂಕಿಯ ಅಗ್ಗಿಷ್ಟಿಕೆ ಇಟ್ಟಿದ್ದರೆ ಬಿಲ್ಲುಗಾರರು ಉರಿಯುವ ಬಾಣ ಬಿಟ್ಟು ಹಳ್ಳಕ್ಕೆ ಬೆಂಕಿ ಹಚ್ಚಬಹುದು. ಅವಸರಪಟ್ಟು ಮೊದಲ ನಾಲ್ಕು ಜನಕ್ಕೇ ಹಚ್ಚಿಬಿಡಬಾರದು, ಗುಂಪು ನಡುವೆ ಬರುವ ತನಕ ತಾಳ್ಮೆ ಬೇಕು. ಮೂರನೆಯದು ಹೆಬ್ಬಾಗಿಲು. ಅದರ ಹತ್ತಿರ ಕಾದ ಎಣ್ಣೆಯ ಕೊಪ್ಪರಿಗೆ ಹಿಡಿದ ಎಂಜಿನಿಯರುಗಳು ನಿಂತಿರಲಿ. ಕೊನೆಯದು ಕೀಪಿನ ಮಾಳಿಗೆ. ಅಲ್ಲಿ ದೊರೆಯ ಜೊತೆ ಕೆಲವು ಅಡ್ಡಬಿಲ್ಲಿನವರು, ಅವರ ಮುಂದೆ ಉದ್ದ ಭರ್ಜಿಯವರೋ ಕತ್ತಿಯವರೋ ಸದಾ ಇರಬೇಕು. ಹೊರಗೆ ಎಷ್ಟೇ ಕಷ್ಟವಾದರೂ ಇವರನ್ನು ಅಲ್ಲಿಂದ ಕರೆಯಬಾರದು. ಕೊಕ್ಕೆ ಹಗ್ಗದವರಿಗೆ ಉತ್ತರ ಇವರೇ.

ಇನ್ನು ದೊರೆಯನ್ನು ಬಳಸುವುದು ಯಾವಾಗ? ಶತ್ರುಗಳು ಕಡಿಮೆ ಇದ್ದಾಗ, ಅವರ ಬಳಿ ಬಾಣವಿಲ್ಲದಾಗ, ಜಾಗ ಇಕ್ಕಟ್ಟಾಗಿದ್ದಾಗ. ಮೆಟ್ಟಿಲ ತುದಿಯಲ್ಲಿ ಒಬ್ಬೊಬ್ಬರೇ ಹತ್ತಿ ಬರುವಾಗ ಆ ಒಬ್ಬ ದೊರೆ ಹಲವು ಸೈನಿಕರಿಗೆ ಸಮ. ಅದೇ ದೊರೆ ಬಯಲಿನಲ್ಲಿ ನಾಲ್ಕು ಕಡೆಯಿಂದ ಮುತ್ತಿಸಿಕೊಂಡರೆ ಅವನೂ ಒಬ್ಬ ಮನುಷ್ಯ ಅಷ್ಟೆ.

ಇಕ್ಕಟ್ಟಿನ ಜಾಗದ ಬಲ ಏನೆಂದು ನಮ್ಮ ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ನೋಡಿದವರಿಗೆ ಒನಕೆ ಓಬವ್ವನ ಕಿಂಡಿ ನೆನಪಿದ್ದೇ ಇರುತ್ತದೆ. ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ನುಸುಳಿ ಬರುತ್ತಿದ್ದಾಗ, ಊಟಕ್ಕೆ ಹೋಗಿದ್ದ ಕಾವಲುಗಾರನ ಹೆಂಡತಿ ಒನಕೆ ಹಿಡಿದು ಒಬ್ಬೊಬ್ಬರನ್ನೇ ಕೆಡವಿದಳೆಂಬ ಕಥೆ ನಾವೆಲ್ಲ ಕೇಳಿ ಬೆಳೆದದ್ದು. ಆ ಕಥೆಯನ್ನು ಮಗನಿಗೆ ಹೇಳಿದಾಗ ಅವನು ತಟ್ಟನೆ ಅಂದದ್ದು ನನಗೆ ಹೊಳೆದಿರಲಿಲ್ಲ. "ಅಪ್ಪಾ, ಅಷ್ಟು ದೊಡ್ಡ ಕೋಟೆಯಲ್ಲಿ ಆ ತೂತು ಇದೆ ಅಂತ ಶತ್ರುವಿಗೆ ಗೊತ್ತಿತ್ತು, ಅಲ್ಲಿ ಕಾವಲಿಗೆ ಇದ್ದವನು ಒಬ್ಬನೇ!" ನಿಜ. ಏಳು ಸುತ್ತು ಗೋಡೆಯ ಬಲ ಒಂದು ಕಿಂಡಿಯಷ್ಟೇ. ಅಂದಿನಿಂದ ಅವನು ಯುದ್ಧಕ್ಕೆ ಮುಂಚೆ ತನ್ನ ಕೋಟೆಯನ್ನೇ ಶತ್ರುವಿನ ಕಣ್ಣಿನಿಂದ ಸುತ್ತಿ ನೋಡುತ್ತಾನೆ. ನಾನೇ ಶತ್ರುವಾಗಿದ್ದರೆ ಈ ದೊರೆಯನ್ನು ಹೇಗೆ ಕೊಲ್ಲುತ್ತಿದ್ದೆ ಎಂದು ಕೇಳಿಕೊಳ್ಳುತ್ತಾನೆ. ಇದಕ್ಕಿಂತ ಒಳ್ಳೆಯ ಅಭ್ಯಾಸ ಈ ಆಟದಲ್ಲಿ ಇನ್ನೊಂದಿಲ್ಲ.

ಆ ಸಂಜೆ ನಮ್ಮ ಮಾವನವರು ಹೇಳಿದ್ದು ಇನ್ನೊಂದು ಏಳು ಸುತ್ತಿನ ಕೋಟೆಯ ಕಥೆ. ಹೊಸಪೇಟೆಯವರಿಗೆ ಹಂಪಿ ಹಿತ್ತಲಿದ್ದ ಹಾಗೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಆ ನಗರಕ್ಕೆ ಒಂದರೊಳಗೊಂದು ಏಳು ಕೋಟೆಗೋಡೆಗಳಿವೆ ಎಂದು ಬರೆದಿಟ್ಟಿದ್ದಾನೆ. ಅಂಥ ನಗರ ಬಿದ್ದದ್ದು ಹೇಗೆ? ಮುತ್ತಿಗೆಯಿಂದಲ್ಲ. 1565ರ ಜನವರಿಯಲ್ಲಿ, ನಗರದಿಂದ ಸುಮಾರು ನೂರು ಕಿಲೋಮೀಟರು ದೂರದಲ್ಲಿ, ಕೃಷ್ಣಾ ನದಿಯ ಹತ್ತಿರ ರಕ್ಕಸತಂಗಡಿಯ ಯುದ್ಧ ನಡೆಯಿತು, ತಾಳಿಕೋಟೆ ಯುದ್ಧ ಎಂದು ಶಾಲೆಯಲ್ಲಿ ನಾವು ಓದಿದ್ದು. ಅಳಿಯ ರಾಮರಾಯ ಆಗ ಬಹಳ ವಯಸ್ಸಾದವನು. ರಣರಂಗದ ನಡುವೆ ತಾನೇ ನಿಂತಿದ್ದ. ಶತ್ರುವಿನ ಕೈಗೆ ಸಿಕ್ಕ, ತಲೆ ಕಡಿದರು. ಆ ತಲೆ ಕಂಡ ಮೇಲೆ ಅಷ್ಟು ದೊಡ್ಡ ಸೈನ್ಯ ದಿಕ್ಕಾಪಾಲಾಗಿ ಓಡಿತು. ಏಳು ಸುತ್ತಿನ ಗೋಡೆಯ ಮೇಲೆ ನಿಂತು ಕಾದಾಡುವವರೇ ಇರಲಿಲ್ಲ.

ಮಾವನವರು ಇಲ್ಲಿಗೆ ನಿಲ್ಲಿಸಲಿಲ್ಲ. "ರಾಮರಾಯ ರಾಜ ಅಲ್ಲಪ್ಪ. ರಾಜ ಬ್ಯಾರೆ ಇದ್ದ" ಅಂದರು. ಸಿಂಹಾಸನದ ಒಡೆಯ ಸದಾಶಿವರಾಯ. ಅವನನ್ನು ರಾಮರಾಯ ಹೆಸರಿಗೆ ರಾಜನಾಗಿಟ್ಟು, ಕಾವಲಿನಲ್ಲಿರಿಸಿ, ಆಡಳಿತವನ್ನೆಲ್ಲ ತಾನೇ ನಡೆಸುತ್ತಿದ್ದ. ಯೋಚಿಸಿ ನೋಡಿ ಕೇಳುಗರೇ. ನನ್ನ ಮಗ ಎರಡು ಆಟಗಳಲ್ಲಿ ಮಾಡಿದ ಎರಡು ತಪ್ಪು ಅಲ್ಲಿ ಒಂದೇ ಸಲ ನಡೆದಿತ್ತು. ಒಬ್ಬ ದೊರೆಯನ್ನು ಗೋಡೆಯೊಳಗೆ ಇಟ್ಟು ಕೈಲಾಗದವನನ್ನಾಗಿ ಮಾಡಿದ್ದರು. ಕೈಲಾದ ಇನ್ನೊಬ್ಬ ನಾಯಕ ಬಾಣ ಬೀಳುವ ಜಾಗದಲ್ಲಿ ನಿಂತಿದ್ದ. ಅವನು ಬಿದ್ದಾಗ ಮುಂದೇನು ಎಂದು ಹೇಳುವ ಮೂರನೆಯವನು ಆ ರಣರಂಗದಲ್ಲಿ ಇರಲಿಲ್ಲ. ರಾಮರಾಯನ ತಮ್ಮ ತಿರುಮಲ ನಗರಕ್ಕೆ ಮರಳಿ, ಸದಾಶಿವರಾಯನನ್ನೂ ಬೊಕ್ಕಸವನ್ನೂ ಕರೆದೊಯ್ದು ಪೆನುಕೊಂಡ ಸೇರಿದ. ರಾಜ್ಯ ಅಲ್ಲಿಂದ ಮತ್ತೂ ಕೆಲವು ಕಾಲ ಉಳಿಯಿತು, ಆದರೆ ಹಂಪಿ ಉಳಿಯಲಿಲ್ಲ. ಸೋಲಿಗೆ ಇನ್ನೂ ಹಲವು ಕಾರಣಗಳನ್ನು ಇತಿಹಾಸಕಾರರು ಕೊಡುತ್ತಾರೆ. ನಾನು ಹೇಳುತ್ತಿರುವುದು ಅದರ ಒಂದು ಎಳೆ ಮಾತ್ರ.

ಮಗ ಕೇಳಿದ: "ಅಜ್ಜಾ, ಹಾಗಾದ್ರೆ ಎರಡನೇ ದೊರೆ ಇದ್ದಿದ್ರೆ?"

"ನಿನ್ನ ಆಟದಾಗ ಎರಡನೇ ದೊರಿ ಇಟ್ಕೊಳ್ಳಾಕ ಬರಂಗಿಲ್ಲ ಅಲ್ಲ? ಜೀವನದಾಗ ಬರ್ತೈತಿ. ಆದ್ರ ಯಾರೂ ಇಟ್ಕೊಳ್ಳಂಗಿಲ್ಲ" ಅಂದರು ಮಾವನವರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ನೋಡದೆಯೇ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು: "ಗ್ವಾಡಿ ಒಳಗ ಇಟ್ಟ ದೊರಿ ಅಂದ್ರ ನನ್ನಂಗ ಅನ್ನು."

ಆ ಮಾತು ನನಗೆ ನಾಟಿತು. ಅತ್ತೆಯವರು ತೀರಿಕೊಂಡ ಮೇಲೆ ಅವರನ್ನು ಮುಂಬೈಗೆ ಕರೆತಂದು ಎಂಟು ತಿಂಗಳಾಗಿತ್ತು. ಐವತ್ತು ವರ್ಷ ಒಂದು ಮನೆತನ ನಡೆಸಿದವರು, ಹೊಲ, ಕೋರ್ಟು, ನಾಲ್ಕು ಮಕ್ಕಳ ಮದುವೆ ಎಲ್ಲ ನಿಭಾಯಿಸಿದವರು. ಇಲ್ಲಿ ಬಂದ ಮೇಲೆ ನಾವು ಏನು ಮಾಡಿದೆವು? ಮಾವ, ಲೋಕಲ್ ರೈಲು ಬೇಡ, ಜನ ತಳ್ಳುತ್ತಾರೆ. ಮಾವ, ರಸ್ತೆ ದಾಟಬೇಡಿ. ಮಾವ, ನಾಲ್ಕನೇ ಮಹಡಿಯಿಂದ ಒಬ್ಬರೇ ಇಳಿಯಬೇಡಿ, ನಾವು ಬಂದ ಮೇಲೆ ಹೋಗೋಣ. ನಾವು ಬರುವುದು ರಾತ್ರಿ ಎಂಟೂವರೆಗೆ. ಪ್ರೀತಿಯಿಂದಲೇ ಕಟ್ಟಿದೆವು, ಸುಳ್ಳಲ್ಲ. ಆದರೆ ಕಟ್ಟಿದ್ದು ಗೋಡೆಯನ್ನೇ. ಈ ದೊಡ್ಡ ಊರುಗಳಲ್ಲಿ ಹಿರಿಯರನ್ನು ಜೊತೆಯಲ್ಲಿಟ್ಟುಕೊಂಡ ನಿಮ್ಮಲ್ಲಿ ಹಲವರ ಮನೆಯಲ್ಲೂ ಇಂಥ ಗೋಡೆ ಇರಬಹುದು.

ಮರುವಾರ ಮನೆಯಲ್ಲಿ ಒಂದು ಏರ್ಪಾಡು ಮಾಡಿಕೊಂಡೆವು. ಅದು ಕೋಟೆಯ ಆಟದ ಏರ್ಪಾಡೇ. ಮೊದಲು ಕಿಂಡಿ ಯಾವುದೆಂದು ನೋಡಿದೆವು. ಅಪಾಯವಿದ್ದದ್ದು ಮೆಟ್ಟಿಲಿನಲ್ಲೂ ಅಲ್ಲ, ತರಕಾರಿ ಮಾರುಕಟ್ಟೆಯಲ್ಲೂ ಅಲ್ಲ, ನಡುವಿನ ಆ ಒಂದು ದೊಡ್ಡ ರಸ್ತೆಯಲ್ಲಿ. ಅದನ್ನು ದಾಟದೆ ಸಿಗುವ ತರಕಾರಿ ಗಾಡಿ ಯಾವುದೆಂದು ಹುಡುಕಿದೆವು. ಕೆಳಗಿನ ವಾಚ್‌ಮನ್‌ಗೆ ಹೇಳಿಟ್ಟೆವು. ಜೇಬಿನಲ್ಲಿ ಫೋನು, ನಮ್ಮ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಚೀಟಿ. ಹೊತ್ತು ಬೆಳಿಗ್ಗೆ ಒಂಬತ್ತರಿಂದ ಹತ್ತು, ಜನಜಂಗುಳಿ ಇಲ್ಲದ ವೇಳೆ. ಅಷ್ಟೇ. ಈಗ ನಮ್ಮ ಮನೆಯ ತರಕಾರಿ, ಹಾಲು, ವಿದ್ಯುತ್ ಬಿಲ್ಲು ಎಲ್ಲ ಅವರ ಉಸ್ತುವಾರಿ. ಮೊದಲ ವಾರ ಗಾಡಿಯವನ ಜೊತೆ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಚೌಕಾಸಿ ಮಾಡಿ ಬದನೆಕಾಯಿ ತಂದರು. ನಾವು ಕೊಡುತ್ತಿದ್ದದ್ದಕ್ಕಿಂತ ಹತ್ತು ರೂಪಾಯಿ ಕಡಿಮೆ. ಆ ದಿನ ಅವರು ಕೂತ ಭಂಗಿ ನೋಡಬೇಕಿತ್ತು ನೀವು.

ಮಗನೂ ಕಲಿತಿದ್ದಾನೆ. ಹೋದ ಭಾನುವಾರ ತೋಳನನ್ನು ಗೆದ್ದ. ದೊರೆಯನ್ನು ಮುಂದೆ ಬಿಡಲಿಲ್ಲ, ಬಚ್ಚಿಡಲೂ ಇಲ್ಲ. ಕೊನೆಯಲ್ಲಿ ಆರೇಳು ಗದೆಯವರು ಗೋಡೆ ಒಡೆದು ಒಳಬಂದು ಕೀಪಿನ ಮೆಟ್ಟಿಲು ಹತ್ತಿದಾಗ, ಭರ್ಜಿಯವರ ಪಕ್ಕದಲ್ಲಿ ದೊರೆಯನ್ನು ಮೆಟ್ಟಿಲ ತುದಿಗೆ ತಂದು ನಿಲ್ಲಿಸಿದ. ಒಬ್ಬೊಬ್ಬರಾಗಿ ಬಂದವರು ಒಬ್ಬೊಬ್ಬರಾಗಿ ಬಿದ್ದರು. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅಜ್ಜ ತೊಡೆ ತಟ್ಟಿ "ಹಂಗ!" ಅಂದರು.

ಕೇಳುಗರೇ, ನಿಮ್ಮ ಮನೆಯ ಹುಡುಗರು ಹುಡುಗಿಯರು ಈ ಆಟ ಆಡುತ್ತಿದ್ದರೆ, ಬೈಯುವುದಕ್ಕೆ ಮುಂಚೆ ಒಂದು ಸಲ ಪಕ್ಕದಲ್ಲಿ ಕೂತು ಕೇಳಿ ನೋಡಿ: ನಿನ್ನ ದೊರೆ ಎಲ್ಲಿ ನಿಂತಿದ್ದಾನೆ? ಅವನ ಹತ್ತಿರ ಯಾರಿದ್ದಾರೆ? ಅವನಿಗೆ ಮಾಡಲು ಏನು ಕೆಲಸ ಕೊಟ್ಟಿದ್ದೀಯ? ಹಾಗೆಯೇ ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಆ ಕೊನೆಯ ಪ್ರಶ್ನೆಯನ್ನು ನಿಮಗೆ ನೀವೇ ಒಮ್ಮೆ ಕೇಳಿಕೊಳ್ಳಿ.